ಅಲ್ಲಾಡಿಸಿ ಹಾಕುವ ಬಿಳಿ ಔಷಧಿ

ರಾಮಮೂರ್ತಿ ನಗರ, ಬೆಂಗಳೂರು
14 ಫೆಬ್ರವರಿ 1999

ಸುಜಾತಾಳ ಅಪ್ಪನವರಿಗೆ ಕಾವೇರಿಯ ನಮಸ್ಕಾರ.

ನಿಮ್ಮ ಸೇತುವೆ ಕೆಲಸದ ಶೆಡ್ಡಿಗೆ ಫೋನ್ ಇಲ್ಲವೆಂದು ಮೇಸ್ತ್ರಿ ಹೇಳಿದರು. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಗೋವಾದಲ್ಲಿ ಕಂಬಿ ಬಿಸಿಲಿಗೆ ಕಾಯುತ್ತದೆಯೆಂದು ಹೋದ ಸಲ ಬರೆದಿದ್ದಿರಿ. ಕೈಗೆ ಬಟ್ಟೆ ಸುತ್ತಿಕೊಂಡು ಕೆಲಸ ಮಾಡಿ.

ಇಲ್ಲಿ ನನಗೆ ಕಮರ್ಷಿಯಲ್ ಸ್ಟ್ರೀಟಿನ ಅಂಗಡಿಯಿಂದ ಸೀರೆಗೆ ಫಾಲ್ ಹಾಕುವ ಕೆಲಸ ಬರುತ್ತಿದೆ. ಸುಜಾತಾ ಶಾಲೆಯಿಂದ ಬಂದು ಸೂಜಿಗೆ ದಾರ ಪೋಣಿಸಿ ಕೊಡುತ್ತಾಳೆ. ಒಂದೇ ಸಲಕ್ಕೆ ಪೋಣಿಸುತ್ತಾಳೆ.

ಬರೆಯಬೇಕೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ಅವಳ ಎಡಗಣ್ಣಿನಲ್ಲಿ, ಕರಿಗುಡ್ಡೆಯ ಪಕ್ಕದ ಬಿಳಿಯಲ್ಲಿ, ಎಳ್ಳಿನಷ್ಟು ಕಂದು ಚುಕ್ಕೆ ಇತ್ತಲ್ಲ, ಮೂರು ವರ್ಷದವಳಿದ್ದಾಗಿನಿಂದ. ಅದು ಈಗ ಎದ್ದು ನಿಂತಿದೆ. ಕೆಂಪಾಗಿದೆ. ಒಂದು ತಿಂಗಳಲ್ಲೇ ಇಷ್ಟಾಯಿತು. ಇಲ್ಲಿ ರಸ್ತೆ ಅಗೆದು ಬಿಟ್ಟಿದ್ದಾರೆ. ಅವಳು ದಿನವಿಡೀ ಕಣ್ಣು ಉಜ್ಜುತ್ತಾಳೆ.

ಮನೆ ಓನರ್ ಮುನಿವೆಂಕಟಮ್ಮ ನಿನ್ನೆ ನಲ್ಲಿಯ ಹತ್ತಿರ ಎಲ್ಲರೆದುರಿಗೇ ಕೂಗಿದರು. "ಏನೇ ಕಾವೇರಿ, ನಿನ್ ಮಗಳ ಕಣ್ಣಲ್ಲಿ ದಾಳಿಂಬೆ ಬೀಜ ಕೂತ್ಕೊಂಡಿದೆ! ನೋಡ್ಕೊಂಡು ಸುಮ್ನೆ ಇದೀಯಲ್ಲ, ನೀನೇನ್ ತಾಯಿನಾ ಇಲ್ಲಾ ಪಕ್ಕದ್ಮನೆಯೋಳಾ?" ನನಗೆ ತಲೆ ಎತ್ತಲಾಗಲಿಲ್ಲ. ಕೊಡ ಅರ್ಧಕ್ಕೇ ಬಿಟ್ಟು ಒಳಗೆ ಬಂದೆ.

ಏನು ಮಾಡಲಿ, ತಿಳಿಸಿ.

ಕಾವೇರಿ


ಸೇತುವೆಯ ಶೆಡ್ಡು, ಗೋವಾ
1 ಮಾರ್ಚ್ 1999

ಕಾವೇರಿಗೆ,

ಕಾಗದ ಸಿಕ್ಕಿತು. ಆಸ್ಪತ್ರೆಗೆ ಈಗಲೇ ಹೋಗಬೇಡ.

ಮೊದಲು ಒಂದು ಕೆಲಸ ಮಾಡು. ಸಂಜೆ ಕತ್ತಲಾಗುವ ಹೊತ್ತಿಗೆ, ಲೈಟು ಹಾಕುವ ಮುಂಚೆ, ಅವಳನ್ನು ಬಾಗಿಲ ಕಡೆ ಮುಖ ಮಾಡಿ ಕೂರಿಸು. ಕಣ್ಣು ಬೆಕ್ಕಿನ ಕಣ್ಣಿನ ಹಾಗೆ ಹೊಳೆಯುತ್ತದೆಯೇ ನೋಡು. ಮೂರು ಸಂಜೆ ನೋಡು. ನೋಡಿದ್ದನ್ನು ನನಗೆ ಬರೆ. ಮುನಿವೆಂಕಟಮ್ಮನಿಗೆ ಹೇಳಬೇಡ. ಊರಿಗೂ ಬರೆಯಬೇಡ, ಅದರಲ್ಲೂ ನಮ್ಮ ಅಕ್ಕ ಜಟ್ಟೆಮ್ಮನಿಗೆ ಬರೆಯಲೇಬೇಡ.

ಯಾಕೆ ಎಂದು ಕೇಳಬೇಡ.

ಹುಲಿಗೆಪ್ಪ


ರಾಮಮೂರ್ತಿ ನಗರ
21 ಮಾರ್ಚ್ 1999

ಸುಜಾತಾಳ ಅಪ್ಪನವರಿಗೆ ನಮಸ್ಕಾರ.

ನೀವು ಹೇಳಿದ ಹಾಗೆ ಮೂರಲ್ಲ, ಐದು ಸಂಜೆ ನೋಡಿದೆ. ಹೊಳೆಯುವುದಿಲ್ಲ. ಅವಳು, "ಅಮ್ಮ, ಯಾಕ್ ಹಿಂಗೆ ನೋಡ್ತೀಯ, ನಂಗೆ ಭಯ ಆಗತ್ತೆ" ಎಂದು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ನನಗೂ ಭಯವಾಗಿತ್ತು. ಯಾವುದಕ್ಕೆ ಭಯಪಡಬೇಕೆಂದೇ ಗೊತ್ತಿಲ್ಲದೆ ಭಯಪಡುವುದು ಬಹಳ ಕಷ್ಟ.

ಸಿಟ್ಟಾಗಬೇಡಿ. ನಿಮ್ಮ ಕಾಗದ ಬರುವಷ್ಟರಲ್ಲಿ ನಾನು ಆಸ್ಪತ್ರೆಗೆ ಹೋಗಿ ಬಂದಾಗಿತ್ತು. ಮುನಿವೆಂಕಟಮ್ಮನೇ ಶಿವಾಜಿನಗರದ ಬಸ್ ಹತ್ತಿಸಿದರು. ಕಣ್ಣಿನ ಡಾಕ್ಟರು ಹೆಂಗಸು, ಫಹ್ಮಿದಾ ಮೇಡಂ ಎಂದು. ಚಿಕ್ಕ ವಯಸ್ಸು. ಸುಜಾತಾಳ ಗದ್ದವನ್ನು ಒಂದು ಮಿಷನ್ನಿನ ಮೇಲೆ ಇಡಿಸಿ ಈ ಕಡೆಯಿಂದ ನೋಡಿದರು. "ಏನ್ ಕಾಣ್ತಾ ಇದೆ ಮರಿ?" ಎಂದು ಕೇಳಿದರು. ಇವಳು, "ನಿಮ್ ಮೂಗು" ಎಂದುಬಿಟ್ಟಳು. ಡಾಕ್ಟರು ನಕ್ಕು ನಕ್ಕು ಮಿಷನ್ನಿನಿಂದ ಹಿಂದೆ ಸರಿದರು. ನನಗೆ ನೆಲ ಬಾಯಿ ಬಿಡಬಾರದೇ ಎನಿಸಿತು.

ಆಮೇಲೆ ರೆಪ್ಪೆ ಮಗುಚಿ ನನಗೂ ತೋರಿಸಿದರು. ಒಳಗೆ ಸಣ್ಣ ಸಣ್ಣ ಕಲ್ಲು ಹಾಸಿದ ಹಾಗಿದೆ. "ಅಲರ್ಜಿ ಅಮ್ಮಾ ಇದು. ಧೂಳು, ಬಿಸಿಲು. ಎರಡೂ ಕಣ್ಣಲ್ಲಿದೆ. ಆ ಚುಕ್ಕೆ ಬರೀ ಮಚ್ಚೆ. ಮೈ ಮೇಲೆ ಇರಲ್ವಾ, ಹಂಗೇ ಕಣ್ ಮೇಲೆ ಇದೆ. ಉಜ್ಜಿ ಉಜ್ಜಿ ಊದ್ಕೊಂಡಿದೆ. ಅದ್ರೊಳಗೆ ಸಣ್ಣ ನೀರ್ಗುಳ್ಳೆ ಕಾಣ್ತಿದೆ ನಂಗೆ, ಅದು ಒಳ್ಳೇ ಗುರ್ತು. ಮಕ್ಕಳಲ್ಲಿ ಹಿಂಗೆ ದಿಢೀರ್ ಅಂತ ಬೆಳೆಯತ್ತೆ, ನೋಡಿದವ್ರಿಗೆ ಕ್ಯಾನ್ಸರ್ ಅನ್ಸತ್ತೆ, ಆದ್ರೆ ಅಲ್ಲ. ಹೆದರ್ಬೇಡಿ" ಎಂದರು. ಚೀಟಿಯ ಮೇಲೆ ಕಣ್ಣಿನ ಚಿತ್ರ ಬರೆದು ಮಚ್ಚೆ ಎಲ್ಲಿದೆ, ಎಷ್ಟಿದೆ ಎಂದು ಗುರುತು ಹಾಕಿಕೊಂಡರು.

ಎರಡು ಔಷಧಿ ಕೊಟ್ಟಿದ್ದಾರೆ. ಒಂದು ನೀರಿನ ಹಾಗಿದೆ, ತುಂಬಾ ದಿನ ಹಾಕಬೇಕು. ಇನ್ನೊಂದು ಬಿಳಿ, ಅಲ್ಲಾಡಿಸಿ ಹಾಕಬೇಕು. ಅದನ್ನು ಮೊದಲು ದಿನಕ್ಕೆ ಆರು ಸಲ, ಆಮೇಲೆ ಕಡಿಮೆ ಮಾಡುತ್ತಾ ಐದು ವಾರಕ್ಕೆ ನಿಲ್ಲಿಸಬೇಕು. ಎರಡು ವಾರಕ್ಕೆ ತಿರುಗಿ ಬರಬೇಕು, ಕಣ್ಣಿನೊಳಗಿನ ಒತ್ತಡ ನೋಡಬೇಕಂತೆ. "ಇಷ್ಟಕ್ಕೂ ಇಳೀದಿದ್ರೆ ಮಚ್ಚೆ ತೆಗೆದು ಪರೀಕ್ಷೆಗೆ ಕಳ್ಸೋಣ, ಖಾತ್ರಿಗೆ" ಎಂದರು. ಇನ್ನೂ ಏನೋ ಹೇಳಿದರು. ಹಿಂದೆ ಜನ ನಿಂತಿದ್ದರು, ನಾನು ಹೂಂ ರೀ ಹೂಂ ರೀ ಎಂದು ಎದ್ದು ಬಂದೆ.

ಚೀಟಿ ಹಾಳಾಗಬಾರದೆಂದು ಬಸ್ ಸ್ಟ್ಯಾಂಡಿನ ಪಕ್ಕದ ಜೆರಾಕ್ಸ್ ಅಂಗಡಿಯಲ್ಲಿ ಪ್ಲಾಸ್ಟಿಕ್ ಹಾಕಿಸಿದೆ, ರೇಷನ್ ಕಾರ್ಡಿಗೆ ಹಾಕಿಸಿದ ಹಾಗೆ. ಗಟ್ಟಿಯಾಗಿ, ಹೊಳೆಯುತ್ತಾ, ಚೆನ್ನಾಗಿದೆ.

ಕಾವೇರಿ


ಗೋವಾ
11 ಏಪ್ರಿಲ್ 1999

ಕಾವೇರಿಗೆ,

ಹೊಳೆಯುವುದಿಲ್ಲ ಎಂದು ಓದಿದ ಮೇಲೆ ಊಟ ಮಾಡಿದೆ. ಈಗ ಯಾಕೆಂದು ಹೇಳುತ್ತೇನೆ. ಇದನ್ನು ಓದಿ ಒಲೆಗೆ ಹಾಕು.

ಜಟ್ಟೆಮ್ಮಕ್ಕನ ಮಗ ಬಸು ಜ್ವರದಲ್ಲಿ ಹೋದ ಎಂದು ಮದುವೆಯಾದಾಗ ನಿನಗೆ ಹೇಳಿದ್ದೆವು. ಜ್ವರ ಅಲ್ಲ. ಕಣ್ಣು. ಎರಡು ವರ್ಷದ ಕೂಸು. ಸಂಜೆಯಾದರೆ ಒಂದು ಕಣ್ಣು ಹೊಳೆಯುತ್ತಿತ್ತು. ಪಟ್ಟಣದ ದೊಡ್ಡ ಆಸ್ಪತ್ರೆಗೆ ಹೊತ್ತುಕೊಂಡು ಹೋದೆವು. ಕಣ್ಣು ತೆಗೆದರು. ಎಂಟು ತಿಂಗಳು ಬದುಕಿದ್ದ. ಕೊನೆಗೆ ನಮ್ಮನ್ನು ಗುರುತು ಹಿಡಿಯುತ್ತಿರಲಿಲ್ಲ. ಕತ್ತರಿ ತಾಗಿದ ಮೇಲೆ ಅದು ಒಳಕ್ಕೆ ಓಡಿತು ಎಂದು ಎಲ್ಲರೂ ಹೇಳಿದರು. ನಾನು ಕಣ್ಣಾರೆ ನೋಡಿದವನು.

ನಿನ್ನ ಡಾಕ್ಟರು ಮೊದಲು ಮಚ್ಚೆ ಎನ್ನುತ್ತಾಳೆ, ಆಮೇಲೆ ತೆಗೆಯೋಣ ಎನ್ನುತ್ತಾಳೆ. ಬರೀ ಮಚ್ಚೆಯಾದರೆ ಪರೀಕ್ಷೆ ಯಾಕೆ? ಅವರು ಹೀಗೆಯೇ ಒಂದೊಂದೇ ಮೆಟ್ಟಿಲು ಹತ್ತಿಸುವುದು. ಐದು ವಾರಕ್ಕೆ ಔಷಧಿ ನಿಲ್ಲಿಸು ಎನ್ನುವುದೂ ಅದಕ್ಕೇ. ನಿಲ್ಲಿಸಿದರೆ ಮತ್ತೆ ಏಳುತ್ತದೆ, ಮತ್ತೆ ನೀನು ಅವಳ ಬಾಗಿಲಿಗೆ ಹೋಗುತ್ತೀಯ.

ಔಷಧಿ ಹಾಕು. ಇಳಿದರೆ ಸಾಕು. ಆ ಆಸ್ಪತ್ರೆಯ ಮೆಟ್ಟಿಲು ಇನ್ನು ಹತ್ತಬೇಡ. ನನ್ನ ಮಾತು ಮೀರಿ ಹತ್ತಿದರೆ ನಾನು ಈ ಕಡೆಯಿಂದಲೇ ಎಲ್ಲಿಗಾದರೂ ಹೋಗಿಬಿಡುತ್ತೇನೆ.

ಸುಜಾತಾಳಿಗೆ ನನ್ನ ಮುತ್ತು.

ಹುಲಿಗೆಪ್ಪ


ರಾಮಮೂರ್ತಿ ನಗರ
13 ಜೂನ್ 1999

ಸುಜಾತಾಳ ಅಪ್ಪನವರಿಗೆ ನಮಸ್ಕಾರ.

ಬಸುವಿನ ವಿಷಯ ಎರಡೆರಡು ಸಲ ಓದಿದೆ. ಕಾಗದ ಸುಟ್ಟಿದ್ದೇನೆ. ಹೋಗಬೇಡ ಎಂದು ಮೊದಲ ಕಾಗದದಲ್ಲೇ ಬರೆದಿದ್ದಿರಲ್ಲ, ಅದಕ್ಕೇ ಎರಡು ವಾರದ ತಾರೀಖಿಗೆ ಆಸ್ಪತ್ರೆಗೆ ಹೋಗಲಿಲ್ಲ. ಆಮೇಲೆ ಹೋಗಬೇಕೆಂದರೂ, ಯಾಕಮ್ಮ ಬರಲಿಲ್ಲ ಎಂದು ಬೈದಾರೆಂದು ಹೆದರಿಕೆಯಾಯಿತು.

ಆದರೆ ಕಣ್ಣು! ನೀವು ನೋಡಬೇಕಿತ್ತು. ಬಿಳಿ ಔಷಧಿ ಹಾಕಿದ ಹತ್ತು ದಿನಕ್ಕೇ ಕೆಂಪು ಇಳಿಯಿತು. ಮಚ್ಚೆ ಮತ್ತೆ ಎಳ್ಳಿನಷ್ಟಾಗಿ ಬಿಳಿಯಲ್ಲಿ ಮಲಗಿಕೊಂಡಿತು. ಐದು ವಾರಕ್ಕೆ ನಿಲ್ಲಿಸಿದೆ. ಆರು ದಿನ ಚೆನ್ನಾಗಿತ್ತು. ಏಳನೆಯ ದಿನ ಎರಡೂ ಕಣ್ಣು ಕೆಂಡ. ಮಚ್ಚೆಯೂ ತಲೆ ಎತ್ತಿತು. ನೀವು ಬರೆದಿದ್ದೇ ಸರಿಯಾಯಿತು ಎಂದುಕೊಂಡೆ. ಮತ್ತೆ ಶುರು ಮಾಡಿದೆ. ಎರಡೇ ದಿನಕ್ಕೆ ಇಳಿಯಿತು.

ಮೆಡಿಕಲ್ ಶಾಪಿನ ಶ್ರೀರಾಮಪ್ಪನವರಿಗೆ ಪ್ಲಾಸ್ಟಿಕ್ ಚೀಟಿ ತೋರಿಸಿದರೆ ಸಾಕು, ಕೊಡುತ್ತಾರೆ. ಮೊದಲ ಸಲ, "ಮತ್ತೆ ತಗೊಳ್ಳಿ ಅಂತ ಡಾಕ್ಟ್ರು ಹೇಳಿದ್ರಾ?" ಎಂದು ಕೇಳಿದರು. ನಾನು ದುಡ್ಡು ಎಣಿಸುತ್ತಾ ನಿಂತೆ. ಅವರು ಚೀಟಿ ತಿರುಗಿಸಿ ನೋಡಿ, "ಹೊಸಾದೇ ಅಲ್ವಾ, ಎಷ್ಟು ನೀಟಾಗಿದೆ" ಎಂದು ಕೊಟ್ಟರು. ಈಗ ಕೇಳುವುದೇ ಇಲ್ಲ. ನನ್ನನ್ನು ಕಂಡರೆ ಸಾಕು, "ಬಿಳಿಯಮ್ಮ ಬಂದ್ರು" ಎಂದು ಕೈ ಚಾಚಿ ತೆಗೆಯುತ್ತಾರೆ.

ನೀರಿನ ಔಷಧಿ ಉರಿಯುತ್ತದೆ, ಹಾಕಿದರೆ ಏನೂ ಆದ ಹಾಗೆ ಕಾಣುವುದಿಲ್ಲ. ಬಿಟ್ಟೆ. ಬಿಳಿಯದನ್ನೇ ಎರಡೂ ಕಣ್ಣಿಗೆ ದಿನಕ್ಕೆ ನಾಲ್ಕು ಸಲ ಹಾಕುತ್ತೇನೆ. ಅವಳೇ ಕೇಳುತ್ತಾಳೆ, "ಅಮ್ಮ, ಬಿಳಿ ಹಾಕು, ತಣ್ಣಗಿರತ್ತೆ." ಖಾಲಿ ಬಾಟಲಿಗಳನ್ನು ಸಾಲಾಗಿ ಜೋಡಿಸಿ ಅಂಗಡಿ ಆಟ ಆಡುತ್ತಾಳೆ.

ಮೂರನೇ ಕ್ಲಾಸಿಗೆ ಹೋದಳು. ಟೀಚರು ಅಮೃತಮ್ಮ ಎಂದು, ಒಳ್ಳೆಯವರು.

ಕಾವೇರಿ


ಗೋವಾ
8 ಆಗಸ್ಟ್ 1999

ಕಾವೇರಿಗೆ,

ನೋಡಿದೆಯಾ? ಕತ್ತರಿ ಇಲ್ಲದೆಯೇ ಆಯಿತು. ಶೆಡ್ಡಿನಲ್ಲಿ ಎಲ್ಲರಿಗೂ ಹೇಳಿದೆ. ನಮ್ಮ ಜೊತೆ ಕಂಬಿ ಕಟ್ಟುವ ಈರೇಶ, "ನಿನ್ ಹೇಣ್ತಿ ಡಾಕ್ಟರ್ ಆಗ್ಯಾಳ ಬಿಡಪಾ, ನಮ್ಮ ಮಂಡಿ ನೋವಿಗೂ ಒಂದು ಚೀಟಿ ಬರಸು" ಎಂದು ನಗುತ್ತಾನೆ.

ಇಲ್ಲಿ ಮಳೆ ಬಿಟ್ಟಿಲ್ಲ. ಹೊಳೆ ತುಂಬಿದೆ, ಕೆಲಸ ನಿಂತು ನಿಂತು ನಡೆಯುತ್ತಿದೆ. ದೀಪಾವಳಿಗೆ ಬರಲು ನೋಡುತ್ತೇನೆ. ಅಲ್ಲಿಯವರೆಗೆ ಔಷಧಿ ಬಿಡಬೇಡ.

ಹುಲಿಗೆಪ್ಪ


ರಾಮಮೂರ್ತಿ ನಗರ
17 ಅಕ್ಟೋಬರ್ 1999

ಸುಜಾತಾಳ ಅಪ್ಪನವರಿಗೆ ನಮಸ್ಕಾರ.

ಕಣ್ಣು ಹಾಗೆಯೇ ಚೆನ್ನಾಗಿದೆ. ಬಿಳಿ ಎಂದರೆ ಬಿಳಿ. ಮಚ್ಚೆಯನ್ನು ಹುಡುಕಿ ನೋಡಬೇಕು.

ಬೇರೆ ಸಣ್ಣ ಪುಟ್ಟದ್ದು ಇದೆ. ಬರೆದರೆ ನೀವು ಗಾಬರಿಯಾಗುತ್ತೀರಿ ಎಂದು ಬಿಟ್ಟಿದ್ದೆ. ಬೆಳಗ್ಗೆ ಎದ್ದರೆ ಹುಬ್ಬಿನ ಮೇಲೆ ತಲೆನೋವು ಎನ್ನುತ್ತಾಳೆ. ಬೀದಿ ದೀಪದ ಸುತ್ತ ಕಾಮನಬಿಲ್ಲು ಇದೆ ಎನ್ನುತ್ತಾಳೆ. ಮೊದಲು ಅವಳಿಗೆ ಅದು ಖುಷಿಯಾಗಿತ್ತು, ದಿನಾ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಮುನಿವೆಂಕಟಮ್ಮನ ಮನೆಯಲ್ಲಿ ಟಿವಿ ಹತ್ತಿರ ಕೂರುವುದಕ್ಕೆ ಹೀಗೆ ಎಂದುಕೊಂಡು ಟಿವಿ ಬಿಡಿಸಿದ್ದೇನೆ. ತಲೆಗೆ ಎಣ್ಣೆ ತಿಕ್ಕುತ್ತೇನೆ.

ನಡೆಯುವಾಗ ಎಡಗಡೆಯ ಬಾಗಿಲ ಚೌಕಟ್ಟಿಗೆ ಹೊಡೆದುಕೊಳ್ಳುತ್ತಾಳೆ. ಮುನಿವೆಂಕಟಮ್ಮ, "ಏನೇ ಎಮ್ಮೆ ಥರ ನುಗ್ತೀಯಾ, ನನ್ ಗೋಡೆ ಬಿದ್ದೋದ್ರೆ ನಿಮ್ಮಪ್ಪ ಕಟ್ಟಿಸ್ಕೊಡ್ತಾನಾ?" ಎಂದರು. ಎಲ್ಲರೂ ನಕ್ಕರು, ಸುಜಾತಾಳೂ ನಕ್ಕಳು. ಭುಜ ಕಂದಿದೆ.

ಅಮೃತಮ್ಮ ಟೀಚರು ಕರೆಸಿದ್ದರು. "ಬೋರ್ಡ್ ಮೇಲೆ ಬರೆದಿದ್ರಲ್ಲಿ ಒಂದ್ ತುಂಡು ಮಾತ್ರ ಬರ್ಕೊಳ್ತಾಳೆ. ಬಾಲ್ ಎಸೆದ್ರೆ ಮೂತಿಗೆ ಬಡಿಸ್ಕೊಳ್ತಾಳೆ. ಕಣ್ ತೋರ್ಸಿದೀರಾ?" ಎಂದು ಕೇಳಿದರು. ತೋರಿಸಿದ್ದೇನೆ ರೀ ಎಂದೆ. ಸುಳ್ಳಲ್ಲವಲ್ಲ.

ಕಣ್ಣು ಕೆಟ್ಟಿದ್ದರೆ ಸೂಜಿಗೆ ದಾರ ಹೇಗೆ ಪೋಣಿಸುತ್ತಾಳೆ ಹೇಳಿ? ಈಗಲೂ ಒಂದೇ ಸಲಕ್ಕೆ ಪೋಣಿಸುತ್ತಾಳೆ. ಪೋಣಿಸಿ, "ಅಮ್ಮ ಕತ್ರಿ ಎಲ್ಲಿ?" ಎಂದು ಕೇಳುತ್ತಾಳೆ. ಕತ್ತರಿ ಅವಳ ಮೊಣಕಾಲ ಪಕ್ಕದಲ್ಲೇ ಇರುತ್ತದೆ.

ನನಗೆ ನಿದ್ದೆ ಬರುತ್ತಿಲ್ಲ. ಹೋಗಿ ತೋರಿಸಲೇ?

ಕಾವೇರಿ


ಗೋವಾ
4 ನವೆಂಬರ್ 1999

ಕಾವೇರಿಗೆ,

ಬೇಡ. ಬಸುವೂ ಕೊನೆಗೆ ಹೀಗೆಯೇ ಗೋಡೆಗೆ ಹಾಯುತ್ತಿದ್ದ. ಅದು ಒಳಕ್ಕೆ ಇಳಿಯಲು ನೋಡುತ್ತಿದೆ. ಈಗ ತೋರಿಸಿದರೆ ಅವರು ಕಣ್ಣು ತೆಗೆಯೋಣ ಎನ್ನುವುದು ಖಂಡಿತ. ಬಿಳಿ ಔಷಧಿಯನ್ನು ಮೊದಲಿನ ಹಾಗೆ ಆರು ಸಲ ಹಾಕು. ಅದಕ್ಕೆ ಮಾತ್ರ ಅದು ಹೆದರುತ್ತದೆ.

ದೀಪಾವಳಿಗೆ ರಜೆ ಕೊಡಲಿಲ್ಲ. ಸಂಕ್ರಾಂತಿಗೆ ಬರುತ್ತೇನೆ. ನಾನು ಬರುವವರೆಗೆ ಯಾರಿಗೂ ಮುಟ್ಟಿಸಬೇಡ. ಕೈ ಮುಗಿದು ಕೇಳುತ್ತೇನೆ.

ಹುಲಿಗೆಪ್ಪ


ರಾಮಮೂರ್ತಿ ನಗರ
12 ಡಿಸೆಂಬರ್ 1999

ಸುಜಾತಾಳ ಅಪ್ಪನವರಿಗೆ.

ನಿಮ್ಮ ಮಾತು ಮೀರಿದ್ದೇನೆ. ಪೂರ್ತಿ ಓದಿ.

ನಿಮ್ಮ ಕಾಗದದ ಪ್ರಕಾರ ಒಂದು ತಿಂಗಳು ಆರು ಸಲ ಹಾಕಿದೆ. ಹೋದ ಸೋಮವಾರ ಶಾಲೆ ಬಿಟ್ಟ ಮೇಲೆ ಅವಳನ್ನು ಕರೆತರಲು ಹೋಗಿದ್ದೆ. ಗೇಟಿನ ಎಡಗಡೆ ನಿಂತಿದ್ದೆ, ಒಂದು ಮೊಳ ದೂರದಲ್ಲಿ. ಅವಳು ನನ್ನ ಪಕ್ಕದಲ್ಲೇ ಹಾದು ಹೋಗಿ ರಸ್ತೆಯಲ್ಲಿ ನಿಂತು "ಅಮ್ಮಾ" ಎಂದು ಕೂಗಿದಳು. ಎಡಗಡೆಯಿಂದ ಟೆಂಪೋ ಬರುತ್ತಿತ್ತು. ಅವಳು ತಿರುಗಿ ನೋಡಲೇ ಇಲ್ಲ. ಜುಟ್ಟು ಹಿಡಿದು ಎಳೆದುಕೊಂಡೆ. ಮನೆಗೆ ಬಂದು ಬಲಗಣ್ಣು ಮುಚ್ಚಿಸಿ ನನ್ನ ಬೆರಳು ಎಷ್ಟು ಎಂದು ಕೇಳಿದೆ. "ಬೆರಳು ಎಲ್ಲಿದೆ ಅಮ್ಮ?" ಎಂದಳು.

ಮರುದಿನವೇ ಶಿವಾಜಿನಗರಕ್ಕೆ ಹೋದೆ. ಫಹ್ಮಿದಾ ಮೇಡಂ ಪ್ಲಾಸ್ಟಿಕ್ ಚೀಟಿ ಕೈಯಲ್ಲಿ ಹಿಡಿದು ತಾನು ಬರೆದ ಚಿತ್ರ ನೋಡಿದರು. ತಾರೀಖು ನೋಡಿದರು. "ಮಾರ್ಚ್... ಈಗ ಡಿಸೆಂಬರ್. ಈ ಬಿಳಿ ಔಷಧಿ ಯಾವಾಗ ನಿಲ್ಸಿದ್ರಿ?" ಎಂದು ಕೇಳಿದರು. "ಎಷ್ಟು ಬಾಟ್ಲಿ ಹಾಕಿದೀರಾ ಅಮ್ಮಾ?" ಎಂದರು. ಸುಜಾತಾಳೇ ಹೇಳಿದಳು, "ಹದಿನೇಳು. ಎಲ್ಲಾ ನನ್ ಅಂಗಡೀಲಿದೆ."

ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕುರ್ಚಿ ಎಳೆದುಕೊಂಡು ನನ್ನ ಎದುರಿಗೇ ಕೂತರು. "ಯಾರ್ ಕೊಟ್ರು ಇಷ್ಟು?" ಎಂದರು. ಚೀಟಿ ತೋರಿಸಿದರೆ ಕೊಡುತ್ತಾರೆ ರೀ ಎಂದೆ. ಅವರು ಪೆನ್ನು ತೆಗೆದು ಆ ಚೀಟಿಯ ಮೇಲೆ ಅಡ್ಡಗೆರೆ ಎಳೆಯಲು ಹೋದರು. ಪ್ಲಾಸ್ಟಿಕ್ಕಿನ ಮೇಲೆ ಶಾಯಿ ನಿಲ್ಲಲಿಲ್ಲ. ಚೀಟಿಯನ್ನು ತಮ್ಮ ಡ್ರಾಯರಿಗೆ ಹಾಕಿ ಬೀಗ ಹಾಕಿದರು.

ಆಮೇಲೆ ಎಲ್ಲ ಪರೀಕ್ಷೆ ಮಾಡಿದರು. ಮಚ್ಚೆ ಮಚ್ಚೆಯೇ. ಎಳ್ಳಿನಷ್ಟೇ ಇದೆ. ಅದು ಯಾವತ್ತೂ ಏನೂ ಮಾಡುತ್ತಿರಲಿಲ್ಲ. ಬಸುವಿನ ವಿಷಯ ಅವರಿಗೆ ಹೇಳಿದೆ, ಕ್ಷಮಿಸಿ. ಅದು ಬೇರೆ ಕಾಯಿಲೆ, ಕಣ್ಣಿನ ಒಳಗೆ ಹುಟ್ಟುವುದು. ಇದಕ್ಕೂ ಅದಕ್ಕೂ ಸಂಬಂಧವೇ ಇಲ್ಲ ಎಂದರು. ಸುಜಾತಾಳ ಕಣ್ಣು ಕೆಡಿಸಿದ್ದು ಬಿಳಿ ಔಷಧಿ. ಅದನ್ನು ತುಂಬಾ ದಿನ ಹಾಕಿದರೆ ಕೆಲವು ಮಕ್ಕಳಿಗೆ ಕಣ್ಣಿನೊಳಗೆ ಒತ್ತಡ ಏರುತ್ತದೆ. ಏರಿ ಏರಿ, ನೋಡುವ ನರವನ್ನು ಒಣಗಿಸುತ್ತದೆ. ಹೊರಗೆ ಏನೂ ಕಾಣುವುದಿಲ್ಲ. ಕಣ್ಣು ಬೆಳ್ಳಗೆ ಚೆನ್ನಾಗಿಯೇ ಇರುತ್ತದೆ. ಎಡಗಣ್ಣಿನಲ್ಲಿ ಬೆಳಕು ಮಾತ್ರ ತಿಳಿಯುತ್ತದೆ. ಬಲಗಣ್ಣಿನಲ್ಲಿ ಕೊಳವೆಯೊಳಗಿಂದ ನೋಡಿದ ಹಾಗೆ, ನಡುವೆ ಸ್ವಲ್ಪ ಉಳಿದಿದೆ. ಹೋದದ್ದು ತಿರುಗಿ ಬರುವುದಿಲ್ಲವಂತೆ.

ಇದನ್ನು ನಾನು ನಿಮಗೆ ಈಗ ಬರೆಯಲೇಬೇಕು. ಮಾರ್ಚಿನಲ್ಲಿ ಡಾಕ್ಟರು ಇನ್ನೂ ಏನೋ ಹೇಳಿದರು ಎಂದು ಬರೆದಿದ್ದೆನಲ್ಲ. ಏನೋ ಅಲ್ಲ. ನನಗೆ ಸರಿಯಾಗಿ ಕೇಳಿಸಿತ್ತು. "ಐದು ವಾರದ ಮೇಲೆ ಒಂದ್ ತೊಟ್ಟೂ ಹಾಕ್ಬಾರ್ದು, ಕಣ್ಣೇ ಹೋಗತ್ತೆ" ಎಂದಿದ್ದರು. ಅದನ್ನು ನಿಮಗೆ ಬರೆದರೆ ನೀವು ಮೊದಲ ದಿನವೇ ಔಷಧಿ ಬಿಡಿಸುತ್ತೀರಿ ಎಂದು ಬರೆಯಲಿಲ್ಲ. ಆಮೇಲೆ ಕೆಂಪು ತಿರುಗಿ ಬಂದಾಗ, ನಿಮ್ಮ ಕಾಗದ ನೆನೆಸಿಕೊಂಡಾಗ, ಅವರು ಹೇಳಿದ್ದು ಸುಳ್ಳಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಸುಳ್ಳಾಗಿದ್ದರೆ ಎಷ್ಟು ಸುಲಭವಾಗಿತ್ತು. ಕತ್ತರಿಯೂ ಬೇಡ, ಬೈಗುಳವೂ ಬೇಡ, ನಿಮ್ಮ ಸಿಟ್ಟೂ ಬೇಡ.

ಬಿಳಿ ಔಷಧಿ ನಿಲ್ಲಿಸಿ ಬೇರೆ ಔಷಧಿ ಹಾಕಿ ಐದು ದಿನ ಅಲ್ಲೇ ಇರಿಸಿಕೊಂಡರು. ಒತ್ತಡ ಸಾಕಷ್ಟು ಇಳಿಯಲಿಲ್ಲ. ಮಂಗಳವಾರ ಬಲಗಣ್ಣಿಗೆ ಆಪರೇಷನ್. ಒಳಗಿನ ನೀರಿಗೆ ದಾರಿ ಮಾಡುವುದಂತೆ. ಮಾಡಿಸದಿದ್ದರೆ ಉಳಿದದ್ದೂ ಹೋಗುತ್ತದೆ. ಒಂದು ಕಾಗದ ಕೊಟ್ಟು, "ತಂದೆ ಇಲ್ವಾ?" ಎಂದರು. ಇಲ್ಲ ರೀ, ನಾನೇ ಇದ್ದೀನಿ ಎಂದೆ. ಸಹಿ ಹಾಕಿದೆ.

ನೀವು ಇದನ್ನು ಓದುವ ಹೊತ್ತಿಗೆ ಕತ್ತರಿ ತಾಗಿರುತ್ತದೆ. ಈಗ ಎಲ್ಲಿಗಾದರೂ ಹೋಗಿಬಿಡುವುದಾದರೆ ಹೋಗಿ.

ಕಾವೇರಿ


ಗೋವಾ
13 ಡಿಸೆಂಬರ್ 1999

ಕಾವೇರಿಗೆ,

ಒಂದು ತಿಂಗಳಿನಿಂದ ನಿನ್ನ ಕಾಗದವಿಲ್ಲ. ಎಲ್ಲ ಚೆನ್ನಾಗಿರುವುದಕ್ಕೇ ಬರೆದಿಲ್ಲ ಎಂದುಕೊಂಡಿದ್ದೇನೆ.

ಈರೇಶ ಊರಿಗೆ ಹೊರಟಿದ್ದಾನೆ, ಬೆಂಗಳೂರಿನ ಮೇಲೆ ಹೋಗುತ್ತಾನೆ. ಅವನ ಕೈಯಲ್ಲಿ ಸುಜಾತಾಳಿಗೆ ಒಂದು ಫ್ರಾಕು, ಗೋಡಂಬಿ, ಮತ್ತೆ ಬಿಳಿ ಔಷಧಿಯ ನಾಲ್ಕು ಬಾಟಲಿ ಕಳಿಸುತ್ತಿದ್ದೇನೆ. ನೀನು ಹಿಂದೆ ಹೆಸರು ಬರೆದು ಕಳಿಸಿದ್ದ ತುಂಡು ಕಾಗದ ಇಲ್ಲಿಯ ಅಂಗಡಿಯಲ್ಲಿ ತೋರಿಸಿದೆ. ಅದೇ ಕಂಪನಿಯದು ಸಿಕ್ಕಿತು. ನಿನಗೆ ಪದೇ ಪದೇ ಓಡಾಡುವುದು ತಪ್ಪಲಿ.

ಸಂಕ್ರಾಂತಿಗೆ ಖಂಡಿತ ಬರುತ್ತೇನೆ. ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಹಲಸೂರು ಕೆರೆ ತೋರಿಸುತ್ತೇನೆ ಎಂದು ಹೇಳು.

ಹುಲಿಗೆಪ್ಪ


ರಾಮಮೂರ್ತಿ ನಗರ
26 ಡಿಸೆಂಬರ್ 1999

ಸುಜಾತಾಳ ಅಪ್ಪನವರಿಗೆ.

ಈರೇಶಣ್ಣ ಬಂದಿದ್ದರು. ಫ್ರಾಕು ಅವಳಿಗೆ ಸರಿಯಾಗಿದೆ. ಬಾಟಲಿಗಳನ್ನು ಅವರ ಎದುರಿಗೇ ಬಚ್ಚಲಿಗೆ ಸುರಿದೆ. ಅವರು ಬೆರಗಾಗಿ, "ಯಾಕ ತಂಗೀ, ಎಕ್ಸ್‌ಪೈರಿ ಆಗಿತ್ತೇನು?" ಎಂದು ಕೇಳಿದರು. ಹೂಂ ಅಣ್ಣಾ ಎಂದೆ.

ಆಪರೇಷನ್ ಆಯಿತು. ಬಲಗಣ್ಣಿನ ಒತ್ತಡ ಇಳಿದಿದೆ. ಹಾಗೇ ಇರುತ್ತದೆಯೋ ಇಲ್ಲವೋ ಈಗಲೇ ಹೇಳಲಾಗದು, ಜೀವನವಿಡೀ ತೋರಿಸುತ್ತಿರಬೇಕು ಎಂದರು. ಉಳಿದದ್ದು ಉಳಿದಿದೆ ಈ ಹೊತ್ತಿಗೆ. ಎಡಗಣ್ಣಿಗೆ ಮಾಡುವುದೇನೂ ಇಲ್ಲ. ಅಲರ್ಜಿಗೆ ಆ ಉರಿಯುವ ನೀರಿನ ಔಷಧಿಯನ್ನೇ ಹಾಕುತ್ತಿದ್ದೇನೆ. ನಿಧಾನಕ್ಕೆ ಕೆಲಸ ಮಾಡುತ್ತದೆ. ಮೊದಲೇ ಬಿಡದೆ ಹಾಕಿದ್ದರೆ ಸಾಕಿತ್ತು.

ಶ್ರೀರಾಮಪ್ಪನವರ ಅಂಗಡಿಗೆ ಹೋಗಿ ಹೇಳಿದೆ. ನಾನು ಯಾರ ಅಂಗಡಿಯಲ್ಲೂ ಅಷ್ಟು ಜೋರಾಗಿ ಮಾತನಾಡಿದವಳಲ್ಲ. ಅವರು ಮೊದಲು, "ನೀವ್ ಕೇಳಿದ್ರಿ, ನಾನ್ ಕೊಟ್ಟೆ" ಎಂದರು. ಆಮೇಲೆ ಸ್ಟೂಲಿನ ಮೇಲೆ ಕೂತುಬಿಟ್ಟರು. "ನನ್ ಮೊಮ್ಮಗನಿಗೂ ಹಾಕ್ತಿದೀವಮ್ಮ" ಎಂದರು. ನಾಳೆ ಅವನನ್ನು ಫಹ್ಮಿದಾ ಮೇಡಂ ಹತ್ತಿರ ಕರೆದುಕೊಂಡು ಹೋಗುತ್ತಾರೆ.

ನಿಮ್ಮಿಂದ ಉತ್ತರವಿಲ್ಲ.

ಕಾವೇರಿ


ಗೋವಾ
5 ಜನವರಿ 2000

ಕಾವೇರಿಗೆ,

ನಿನ್ನ ಎರಡು ಕಾಗದವೂ ನನ್ನ ಹತ್ತಿರ ಇವೆ. ಎರಡು ಸಲ ಬಸ್ ನಿಲ್ದಾಣದವರೆಗೆ ಹೋಗಿ ತಿರುಗಿ ಬಂದೆ. ಬಂದು ಅವಳ ಎದುರಿಗೆ ಹೇಗೆ ನಿಲ್ಲಲಿ?

ನೀನು ಮುಚ್ಚಿಟ್ಟಿದ್ದನ್ನು ಹೇಳಿದೆ. ನಾನೂ ಹೇಳುತ್ತೇನೆ. ಬಸುವಿನ ಕಣ್ಣು ಹೊಳೆಯುವುದನ್ನು ನೋಡಿದ ಕೂಡಲೇ ಆಸ್ಪತ್ರೆಗೆ ಹೋಗಿದ್ದೆವು. ಡಾಕ್ಟರು ಆಗಲೇ, ಈ ವಾರವೇ ಕಣ್ಣು ತೆಗೆದರೆ ಹುಡುಗ ಬದುಕುತ್ತಾನೆ ಎಂದರು. ಜಟ್ಟೆಮ್ಮಕ್ಕ ಹೂಂ ಎಂದಿದ್ದಳು. ಬೇಡ ಅಕ್ಕಾ, ಗಂಡು ಕೂಸು, ಕುರುಡನ್ನ ಮಾಡಬ್ಯಾಡ ಎಂದು ಎತ್ತಿಕೊಂಡು ಊರಿಗೆ ತಂದವನು ನಾನು. ಒಂದು ವರ್ಷ ಬೇರು, ನಾರು ಎಂದು ಅಲೆದೆವು. ತಿರುಗಿ ಹೋದಾಗ ಅದು ಒಳಗೆ ಓಡಿ ಆಗಿತ್ತು. ಕತ್ತರಿಯಿಂದ ಓಡಿತು ಎಂದು ಊರಿನಲ್ಲಿ ಮೊದಲು ಹೇಳಿದವನೂ ನಾನೇ. ಹತ್ತು ವರ್ಷ ಹೇಳಿ ಹೇಳಿ ನನಗೇ ನಿಜ ಅನಿಸಿತ್ತು.

ಸಹಿ ಹಾಕಿದ್ದು ಒಳ್ಳೆಯದಾಯಿತು. ನಾನಿದ್ದರೆ ಹಾಕಲು ಬಿಡುತ್ತಿರಲಿಲ್ಲ.

ಈ ಕಾಗದದ ಜೊತೆ ಇನ್ನೊಂದು ಹಾಳೆ ಇಟ್ಟಿದ್ದೇನೆ. ಅದು ಸುಜಾತಾಳಿಗೆ. ಅವಳೇ ಓದಲಿ ಎಂದು ಒಂದೊಂದು ಅಕ್ಷರವನ್ನೂ ಅಂಗೈಯಷ್ಟು ದೊಡ್ಡದಾಗಿ ಇದ್ದಿಲಿನಲ್ಲಿ ಬರೆದಿದ್ದೇನೆ. ಕಾಣದಿದ್ದರೆ ತಿಳಿಸು, ಸಿಮೆಂಟ್ ಚೀಲದ ಕಾಗದ ಬಿಡಿಸಿ ಇನ್ನೂ ದೊಡ್ಡದಾಗಿ ಬರೆಯುತ್ತೇನೆ.

ಹುಲಿಗೆಪ್ಪ


ರಾಮಮೂರ್ತಿ ನಗರ
16 ಜನವರಿ 2000

ಸುಜಾತಾಳ ಅಪ್ಪನವರಿಗೆ ನಮಸ್ಕಾರ.

ಸಂಕ್ರಾಂತಿ ಆಯಿತು. ನೀವು ಬರಲಿಲ್ಲ.

ನಿಮ್ಮ ಹಾಳೆಯನ್ನು ಅವಳ ಕೈಗೆ ಕೊಟ್ಟೆ. ತುಂಬಾ ಹೊತ್ತು ಹಿಡಿದುಕೊಂಡಿದ್ದಳು. "ಅಮ್ಮ, ಅಪ್ಪ ಬರೀ ಕಪ್ಪು ಗೆರೆ ಎಳೆದಿದಾರೆ" ಎಂದಳು. ನೀವು ಬರೆದ ಒಂದು ಅಕ್ಷರವೂ ಅವಳ ಕಣ್ಣಿನೊಳಗೆ ಪೂರ್ತಿ ಹಿಡಿಸುವುದಿಲ್ಲ. ಅದರ ಕೊಂಬು ಕಂಡರೆ ಕಾಲು ಕಾಣುವುದಿಲ್ಲ. ಬೆರಳು ಇಟ್ಟು ಗೆರೆಯ ಮೇಲೆ ಓಡಿಸಿ, ಬಹಳ ಹೊತ್ತಿನ ಮೇಲೆ "ಸು" ಎಂದು ಕಂಡುಹಿಡಿದಳು. ಆಮೇಲೆ "ಜಾ" ಎಲ್ಲಿದೆ ಎಂದು ಹಾಳೆಯನ್ನೆಲ್ಲ ಹುಡುಕಿ, ಸುಸ್ತಾಗಿ ಮಲಗಿದಳು.

ದೊಡ್ಡದಾಗಿ ಬರೆಯಬೇಡಿ. ಸಣ್ಣದಾಗಿ, ಹತ್ತಿರ ಹತ್ತಿರ ಬರೆಯಿರಿ. ಎಷ್ಟು ಸಣ್ಣದಾದರೆ ಅಷ್ಟು ಒಳ್ಳೆಯದು.

ಬನ್ನಿ. ಬಂದಾಗ ಅವಳ ನೇರ ಎದುರಿಗೆ, ನಾಲ್ಕು ಹೆಜ್ಜೆ ದೂರದಲ್ಲಿ ನಿಂತುಕೊಳ್ಳಿ. ಪಕ್ಕದಲ್ಲಿ ನಿಂತರೆ ಅಪ್ಪ ಬಂದಿದ್ದಾರೆ ಎಂದು ಅವಳಿಗೆ ತಿಳಿಯುವುದಿಲ್ಲ.

ಕಾವೇರಿ